ಹಣ ಕೊಡುವುದಿಲ್ಲ ಎಂದರೆ ಗುಣವಾಗುವುದಿಲ್ಲ ಎಂದರ್ಥವೇ?

ನಮಗೆ ಪರಿಚಿತರಾದ ಓರ್ವ ದರ್ಜಿಯಿದ್ದಾರೆ. ಮೂವತ್ತು ವರ್ಷಗಳಿಂದ ಬಟ್ಟೆ ಕತ್ತರಿಸಿ, ಹೊಲಿದು, ಅದರ ಸಂಪಾದನೆಯಿಂದಲೇ ಮಕ್ಕಳನ್ನು ಓದಿಸಿದವರು. ಒಂದು ಮುಂಜಾನೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಮತ್ತು ಬಲಗಾಲು ಸ್ವಾಧೀನ ಕಳಕೊಂಡವು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನ ಸಂಸ್ಥೆಯು ಮಾಡಿಸಿದ್ದ ಗುಂಪು ಆರೋಗ್ಯ ವಿಮೆಯಲ್ಲಿ ತಂದೆ-ತಾಯಿಯ ಹೆಸರೂ ಇತ್ತು. ಆಸ್ಪತ್ರೆಯ ಒಂಬತ್ತು ದಿನಗಳ ಬಿಲ್ಲನ್ನು ವಿಮಾ ಕಂಪೆನಿಯು ಹೆಚ್ಚಿನ ತಕರಾರಿಲ್ಲದೆ ಪಾವತಿಸಿತು. ಜೀವ ಉಳಿಯಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಉಳಿದ ಜೀವ ಮತ್ತೆ ದುಡಿಯುವಂತಾಗುವ ಚಿಕಿತ್ಸೆ ಆರಂಭವಾದದ್ದು ಅವರು ಮನೆಗೆ ಬಂದ ನಂತರವೇ.

ವೈದ್ಯರ ಸಲಹೆಯಂತೆ ಫಿಸಿಯೋಥೆರಪಿಸ್ಟ್ ಒಬ್ಬರು ದಿನಕ್ಕೆ 400 ರೂಪಾಯಿಯಂತೆ 52 ದಿನ ಮನೆಗೆ ಬಂದರು. ಒಟ್ಟು ಖರ್ಚು 20,800 ರೂಪಾಯಿ. ಇದನ್ನು ಮರುಪಾವತಿಗಾಗಿ ಸಲ್ಲಿಸಿದಾಗ ಕಂಪೆನಿ ಮಂಜೂರು ಮಾಡಿದ್ದು 10 ದಿನಗಳ 4,000 ರೂಪಾಯಿ ಮಾತ್ರ. ಉಳಿದ 42 ದಿನಗಳ ಬಗ್ಗೆ ಒಂದೇ ಸಾಲಿನ ವಿವರಣೆ: ಇಷ್ಟು ದಿನಗಳ ಚಿಕಿತ್ಸೆಯ ಅಗತ್ಯವು ದಾಖಲೆಗಳಿಂದ ಸಾಬೀತಾಗಿಲ್ಲ. ಆ ವೇಳೆಗೆ ಅವರು ಬಲಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟು ಚೇತರಿಸಿದ್ದರು. ಕತ್ತರಿ ಹಿಡಿಯುವಷ್ಟು ಚೇತರಿಸಿರಲಿಲ್ಲ. ಸಾಲ ಮಾಡಿಯಾದರೂ ಚಿಕಿತ್ಸೆ ಮುಂದುವರಿಸೋಣವೆಂದು ಮಗ ಹೇಳಿದಾಗ ಬೇಡವೆಂದವರು ಸ್ವತಃ ತಂದೆಯೇ. 'ಸಾಕು ಮಗನೇ, ಕಂಪೆನಿಯ ಡಾಕ್ಟರುಗಳೇ ಅಗತ್ಯವಿಲ್ಲ ಎಂದ ಮೇಲೆ ಇದರಿಂದೇನು ಪ್ರಯೋಜನ?' ಎಂದು ಅವರು ಕೇಳಿದರು.

ನಮ್ಮನ್ನು ಈ ಲೇಖನ ಬರೆಯಲು ಪ್ರೇರೇಪಿಸಿದ್ದು ಈ ಪ್ರಶ್ನೆ. 16,800 ರೂಪಾಯಿ ಒಂದು ಕುಟುಂಬಕ್ಕೆ ಸಣ್ಣ ಮೊತ್ತವಲ್ಲ, ನಿಜ. ಆದರೆ ಇಲ್ಲಿ ನಡೆದ ದೊಡ್ಡ ಅನ್ಯಾಯ ಬೇರೆಯೇ. 'ನಾವು ಹಣ ಕೊಡುವುದಿಲ್ಲ' ಎಂದು ಕಚೇರಿಯೊಂದು ಬರೆದ ಸಾಲು, ರೋಗಿಯ ಮನೆ ತಲುಪುವಷ್ಟರಲ್ಲಿ 'ನೀನು ಇನ್ನು ಗುಣವಾಗುವುದಿಲ್ಲ' ಎಂಬ ತೀರ್ಪಾಗಿ ಬದಲಾಯಿತು. ರೋಗಿಯನ್ನು ಒಮ್ಮೆಯೂ ನೋಡದ, ಆತನ ಕೈಯನ್ನು ಒಮ್ಮೆಯೂ ಮುಟ್ಟದ ಯಾರೋ ಒಬ್ಬರು ಬರೆದ ಷರಾ, ದಿನವೂ ಆ ಕೈಯನ್ನು ಹಿಡಿದು ಎತ್ತಿ ಇಳಿಸುತ್ತಿದ್ದವರ ಮಾತಿಗಿಂತ ಹೆಚ್ಚು ತೂಕ ಪಡೆಯಿತು.

ಹಾಗಾದರೆ ವಿಮಾ ಕಂಪೆನಿಗಳು ಬಿಲ್ಲುಗಳನ್ನು ಪರಿಶೀಲಿಸಲೇ ಬಾರದೇ? ಖಂಡಿತ ಪರಿಶೀಲಿಸಬೇಕು. ವಿಮೆಯ ನಿಧಿ ಕಂಪೆನಿಯ ಸ್ವಂತ ತಿಜೋರಿಯಲ್ಲ. ಅದು ಪ್ರೀಮಿಯಂ ಕಟ್ಟಿದ ಲಕ್ಷಾಂತರ ಕುಟುಂಬಗಳ ಹಣ. ನಡೆಯದ ಚಿಕಿತ್ಸೆಗೆ ಬಿಲ್ಲು ಮಾಡಿಸುವವರು, ಹಬ್ಬದ ದಿನವೂ ವ್ಯಾಯಾಮ ನಡೆದಿದೆಯೆಂದು ಬರೆಸಿಕೊಳ್ಳುವವರು, ಖಾಲಿ ರಶೀದಿಗೆ ಸಹಿ ಪಡೆದು ತಮಗೆ ಬೇಕಾದ ಮೊತ್ತ ತುಂಬುವವರು ನಮ್ಮ ನಡುವೆ ಇಲ್ಲವೆಂದು ನಾವು ಎದೆತಟ್ಟಿ ಹೇಳಬಲ್ಲೆವೇ? ಉತ್ತರ ಪ್ರದೇಶದಲ್ಲಿ ವಾಹನ ಅಪಘಾತದ ಹೆಸರಿನಲ್ಲಿ ಸಲ್ಲಿಕೆಯಾಗುತ್ತಿದ್ದ ನಕಲಿ ಪರಿಹಾರ ಅರ್ಜಿಗಳ ಹಾವಳಿ ಎಷ್ಟಿತ್ತೆಂದರೆ, ಅವುಗಳ ತನಿಖೆಗಾಗಿ ವಿಶೇಷ ತಂಡವನ್ನು ರಚಿಸುವಂತೆ 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಆದೇಶಿಸಬೇಕಾಯಿತು. 'ಕಂಪೆನಿಯ ದುಡ್ಡು ತಾನೇ' ಎಂದು ಸುಳ್ಳು ಬಿಲ್ಲು ಬರೆಸುವವನು ಕಂಪೆನಿಗಿಂತ ಹೆಚ್ಚಾಗಿ ಮೋಸ ಮಾಡುವುದು ಮುಂದೆ ಬರಲಿರುವ ನಿಜವಾದ ರೋಗಿಗೆ. ಆತನ ಸುಳ್ಳಿನಿಂದಾಗಿಯೇ ಪ್ರಾಮಾಣಿಕನ ಬಿಲ್ಲೂ ಸಂಶಯದ ಕಣ್ಣಿಗೆ ಬೀಳುತ್ತದೆ. ಈ ವಿಚಾರದಲ್ಲಿ ನಮ್ಮವರು, ಪರರು ಎಂಬ ಭೇದವಿಲ್ಲದೆ ಸತ್ಯವನ್ನು ಹೇಳಲೇಬೇಕು.

ಆದ್ದರಿಂದ ನಮ್ಮ ಆಕ್ಷೇಪ ಪರಿಶೀಲನೆಯ ಬಗ್ಗೆ ಅಲ್ಲ. ಪರಿಶೀಲಿಸುವವರು ಕೇಳುವ ಪ್ರಶ್ನೆಗಳ ಬಗ್ಗೆ.

ಮೊದಲ ಪ್ರಶ್ನೆ: ರೋಗಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದನೇ? ನಮ್ಮ ದೇಶದ ಆರೋಗ್ಯ ವಿಮೆಯ ಇಡೀ ಕಟ್ಟಡ ನಿಂತಿರುವುದು ಈ ಹಾಸಿಗೆಯ ಮೇಲೆ. ಕೆಲವು ನಿಗದಿತ ಚಿಕಿತ್ಸೆಗಳನ್ನು ಬಿಟ್ಟರೆ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ದಾಖಲಾಗಿರಬೇಕೆಂಬುದು ಸಾಮಾನ್ಯ ಷರತ್ತು. ಬೆನ್ನುನೋವಿಗೋ ಕತ್ತುನೋವಿಗೋ ದಾಖಲಾಗದೆ ಪಡೆಯುವ ಫಿಸಿಯೋಥೆರಪಿಗೆ, ಹೊರರೋಗಿ ಸೌಲಭ್ಯವನ್ನು ಪ್ರತ್ಯೇಕವಾಗಿ ಸೇರಿಸಿರದಿದ್ದರೆ, ಹಣ ಸಿಗುವುದಿಲ್ಲ. ದಾಖಲಾಗಿ ಬಿಡುಗಡೆಯಾದವರಿಗೆ ಸಿಗುವುದು ಒಂದು ನಿರ್ದಿಷ್ಟ ಅವಧಿಯ ವೆಚ್ಚ ಮಾತ್ರ. 2020ರ ಎಪ್ರಿಲ್ 1ರಿಂದ ಎಲ್ಲ ಕಂಪೆನಿಗಳೂ ಒಂದೇ ಷರತ್ತಿನಲ್ಲಿ ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು ಜಾರಿಗೆ ತಂದ 'ಆರೋಗ್ಯ ಸಂಜೀವನಿ' ಪಾಲಿಸಿಯಲ್ಲಿ ಈ ಅವಧಿ, ದಾಖಲಾಗುವ ಮುನ್ನ 30 ದಿನ ಮತ್ತು ಬಿಡುಗಡೆಯ ನಂತರ 60 ದಿನ. ಬಡವರಿಗಾಗಿ 2018ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಬಿಡುಗಡೆಯ ನಂತರದ ಅವಧಿ ಬರೇ 15 ದಿನ.

ಆದರೆ ದೇಹ ಈ ಲೆಕ್ಕವನ್ನು ಪಾಲಿಸುತ್ತದೆಯೇ? ಪಾರ್ಶ್ವವಾಯುವಿನ ನಂತರ ಚೇತರಿಕೆ ಅತ್ಯಂತ ವೇಗವಾಗಿರುವುದು ಮೊದಲ ಮೂರು ತಿಂಗಳಲ್ಲಿ. ನಿಧಾನವಾಗಿಯಾದರೂ ಅದು ಆರು ತಿಂಗಳವರೆಗೆ, ಹಲವರಲ್ಲಿ ಅದಕ್ಕೂ ಆಚೆಗೆ ಮುಂದುವರಿಯುತ್ತದೆ. ಮಿದುಳಿನ ಹಾನಿಗೊಳಗಾದ ಭಾಗದ ಕೆಲಸವನ್ನು ಉಳಿದ ಭಾಗಗಳು ಕಲಿತುಕೊಳ್ಳುವುದು ಒಂದೇ ಚಲನೆಯನ್ನು ನೂರಾರು ಬಾರಿ ಮಾಡಿಸುವುದರಿಂದ. ಮೊಣಕಾಲಿನ ಕೀಲು ಬದಲಿಸಿದವರು ವಾರಗಟ್ಟಲೆ ವ್ಯಾಯಾಮ ಮಾಡದಿದ್ದರೆ ಕಾಲು ಮಡಚದೆ ಬಿಗಿಯಾಗಿ ಉಳಿಯುತ್ತದೆ. ಲಕ್ಷಾಂತರ ರೂಪಾಯಿಯ ಶಸ್ತ್ರಚಿಕಿತ್ಸೆಗೆ ಹಣ ಕೊಟ್ಟು, ಆ ಶಸ್ತ್ರಚಿಕಿತ್ಸೆಯನ್ನು ಸಾರ್ಥಕಗೊಳಿಸುವ ಕೆಲವು ಸಾವಿರಕ್ಕೆ ತಕರಾರು ತೆಗೆಯುವುದು ಬಾವಿ ತೋಡಿಸಿ ಹಗ್ಗಕ್ಕೆ ಜಿಪುಣತನ ತೋರಿದಂತೆ. ಹಾಸಿಗೆಯ ಷರತ್ತಿನ ಇನ್ನೊಂದು ದುಷ್ಪರಿಣಾಮವನ್ನೂ ಗಮನಿಸಬೇಕು. ಮನೆಯಿಂದಲೇ ಬಂದು ಪಡೆಯಬಹುದಾದ ಚಿಕಿತ್ಸೆಗಾಗಿ, ವಿಮೆಯ ಕಾರಣಕ್ಕೆ ಎರಡು ದಿನ ದಾಖಲಾಗುವ ರೂಢಿ ಬೆಳೆಯುತ್ತದೆ. ಆಗ ಕಂಪೆನಿ 'ಇದು ಅನಗತ್ಯ ದಾಖಲಾತಿ' ಎಂದು ತಿರಸ್ಕರಿಸುತ್ತದೆ. ಸುಳ್ಳಿಗೆ ದಾರಿ ಮಾಡಿಕೊಟ್ಟ ನಿಯಮವೇ ಆಮೇಲೆ ಸುಳ್ಳನ್ನು ಹಿಡಿಯಲು ಹೊರಡುತ್ತದೆ.

ಎರಡನೆಯ ಪ್ರಶ್ನೆ: ಇದು ಚಿಕಿತ್ಸೆಯೋ, ಬರೇ ಆರೈಕೆಯೋ? ಇಂದಿನ ಆರೋಗ್ಯ ಪಾಲಿಸಿಗಳ ಹೊರಗಿಡಲಾದ ವೆಚ್ಚಗಳ ಪಟ್ಟಿಯಲ್ಲಿ ವಿಶ್ರಾಂತಿ, ಪುನಶ್ಚೇತನ ಮತ್ತು ತಾತ್ಕಾಲಿಕ ಆರೈಕೆ ಎಂಬ ಶೀರ್ಷಿಕೆಯ ಒಂದು ಕಲಮು ಸಾಮಾನ್ಯವಾಗಿ ಇರುತ್ತದೆ. ಪುನಶ್ಚೇತನ ಎಂಬ ಪದವನ್ನು ಕಂಡ ಕೂಡಲೇ ಫಿಸಿಯೋಥೆರಪಿ ಇದರಲ್ಲೇ ಬಂತು ಎಂದು ತೀರ್ಮಾನಿಸುವವರಿದ್ದಾರೆ. ಆದರೆ ಆ ಕಲಮಿನ ಒಳಗಿನ ವಾಕ್ಯಗಳನ್ನು ಓದಬೇಕು. ಚಿಕಿತ್ಸೆಗಾಗಿ ಅಲ್ಲದೆ ಮುಖ್ಯವಾಗಿ ವಿಶ್ರಾಂತಿಗಾಗಿಯೇ ಆಸ್ಪತ್ರೆ ಸೇರುವುದು, ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು ಮುಂತಾದ ದೈನಂದಿನ ನೆರವಿಗೆ ಜನರನ್ನು ಇಟ್ಟುಕೊಳ್ಳುವುದು ಇತ್ಯಾದಿಗಳನ್ನು ಅದು ಹೊರಗಿಡುತ್ತದೆ. ಒಬ್ಬನಿಗೆ ಬಟ್ಟೆ ತೊಡಿಸುವುದು ಆರೈಕೆ. ಆತ ತಾನೇ ಬಟ್ಟೆ ತೊಟ್ಟುಕೊಳ್ಳುವಂತೆ ಮಾಡುವುದು ಚಿಕಿತ್ಸೆ. ಇವೆರಡರ ನಡುವಿನ ಅಂತರವನ್ನು ತಿಳಿಯದವರು ರೋಗಿಯ ಭವಿಷ್ಯವನ್ನು ನಿರ್ಧರಿಸುವ ಕುರ್ಚಿಯಲ್ಲಿ ಕುಳಿತಿರಬಾರದು.

ಮೂರನೆಯ ಪ್ರಶ್ನೆ: ರೋಗಿ ಸುಧಾರಿಸುತ್ತಿದ್ದಾನೆಯೇ? ಕೇಳಲು ಇದು ನ್ಯಾಯವಾದ ಪ್ರಶ್ನೆಯಂತಿದೆ. ಆದರೆ ಇದರಲ್ಲೊಂದು ಬಲೆಯಿದೆ. ಸುಧಾರಿಸಿದ್ದಾನೆ ಎಂದರೆ 'ಇನ್ನು ಚಿಕಿತ್ಸೆ ಏಕೆ?' ಎನ್ನಲಾಗುತ್ತದೆ. ಸುಧಾರಿಸಿಲ್ಲ ಎಂದರೆ 'ಪ್ರಯೋಜನವಿಲ್ಲದ ಚಿಕಿತ್ಸೆ ಏಕೆ?' ಎನ್ನಲಾಗುತ್ತದೆ. ಯಾವ ಉತ್ತರ ಕೊಟ್ಟರೂ ಸೋಲುವವನು ರೋಗಿಯೇ.

ಈ ಬಲೆ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ 65 ದಾಟಿದವರಿಗೂ ಅಂಗವಿಕಲರಿಗೂ ಮೆಡಿಕೇರ್ ಎಂಬ ಸರಕಾರಿ ವಿಮೆಯಿದೆ. ಅಲ್ಲಿಯೂ ಬಿಲ್ಲುಗಳನ್ನು ಪರಿಶೀಲಿಸುವವರು 'ಸುಧಾರಣೆಯ ಸಾಧ್ಯತೆಯಿಲ್ಲ' ಎಂಬ ಕಾರಣ ಕೊಟ್ಟು ಫಿಸಿಯೋಥೆರಪಿಯ ವೆಚ್ಚವನ್ನು ನಿರಾಕರಿಸುವುದು ರೂಢಿಯಾಗಿಬಿಟ್ಟಿತ್ತು. ದೃಷ್ಟಿ ಕಳಕೊಂಡಿದ್ದ, ಮಧುಮೇಹದಿಂದ ಕಾಲಿನ ಭಾಗವನ್ನೂ ಕಳಕೊಂಡಿದ್ದ ವರ್ಮಾಂಟ್ ರಾಜ್ಯದ ಓರ್ವ ವೃದ್ಧೆ ಮತ್ತಿತರರು 2011ರಲ್ಲಿ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2013ರ ಜನವರಿಯಲ್ಲಿ ನ್ಯಾಯಾಲಯವು ಅನುಮೋದಿಸಿದ ಒಪ್ಪಂದದಂತೆ ಸರಕಾರವು ಒಂದು ಮಾತನ್ನು ಸ್ಪಷ್ಟಪಡಿಸಬೇಕಾಯಿತು. ರೋಗಿ ಸುಧಾರಿಸುತ್ತಾನೆಯೇ ಎಂಬುದು ಮಾನದಂಡವಲ್ಲ; ಆತನಿಗೆ ಪರಿಣತರ ನೆರವು ಅಗತ್ಯವಿದೆಯೇ ಎಂಬುದೇ ಮಾನದಂಡ. ಇರುವ ಶಕ್ತಿಯನ್ನು ಉಳಿಸಿಕೊಳ್ಳಲು, ಕುಸಿಯುವುದನ್ನು ತಡೆಯಲು ನಡೆಯುವ ಚಿಕಿತ್ಸೆಯೂ ಚಿಕಿತ್ಸೆಯೇ. ಅದೇ ಮೆಡಿಕೇರ್‌ನಲ್ಲಿ ಫಿಸಿಯೋಥೆರಪಿಗೆ ವರ್ಷಕ್ಕೆ ಇಂತಿಷ್ಟೇ ಡಾಲರ್ ಎಂದು 1997ರ ಕಾನೂನು ವಿಧಿಸಿದ್ದ ಮಿತಿಯನ್ನು 2018ರ ಫೆಬ್ರವರಿಯಲ್ಲಿ ರದ್ದುಪಡಿಸಲಾಯಿತು. ಅಮೆರಿಕದ ವಿಮಾ ವ್ಯವಸ್ಥೆಯೇನೂ ಆದರ್ಶವಲ್ಲ. ಆದರೆ ಜನರು ಪ್ರಶ್ನಿಸಿದರೆ ಮಾನದಂಡವೇ ಬದಲಾಗುತ್ತದೆ ಎಂಬ ಪಾಠವನ್ನಂತೂ ಇದರಿಂದ ಕಲಿಯಬಹುದು.

ನಮ್ಮ ದೇಶದಲ್ಲೂ ಇಂಥ ಬದಲಾವಣೆ ಅಸಾಧ್ಯವೇನಲ್ಲ. ಮಾನಸಿಕ ಕಾಯಿಲೆಗೆ ವಿಮೆಯಿಲ್ಲ ಎಂದು ಹೇಳುತ್ತಿದ್ದ ಕಾಲವೊಂದಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯು, ದೈಹಿಕ ಕಾಯಿಲೆಗೆ ಇರುವಂಥದ್ದೇ ಆಧಾರದಲ್ಲಿ ಮಾನಸಿಕ ಕಾಯಿಲೆಗೂ ವಿಮೆ ಇರಬೇಕೆಂದು ವಿಧಿಸಿತು. ಫಿಸಿಯೋಥೆರಪಿಯನ್ನು ಒಂದು ಮಾನ್ಯ ವೃತ್ತಿಯೆಂದು 2021ರ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯು ಅಂಗೀಕರಿಸಿದೆ. ಹಾಗಿರುವಾಗ ಫಿಸಿಯೋಥೆರಪಿಯ ಬಿಲ್ಲನ್ನು ಪರಿಶೀಲಿಸುವ ಕೊಠಡಿಯಲ್ಲಿ ಆ ವಿದ್ಯೆಯನ್ನು ಕಲಿತ ಒಬ್ಬರಾದರೂ ಇರಬೇಕೆಂದು ಕೇಳುವುದು ಅತಿಯಾಸೆಯೇ?

ಇನ್ನೊಂದು ಮಾತು. ಕೈಯ ಬೆಲೆ ಆ ಕೈ ಮಾಡುವ ಕೆಲಸವನ್ನು ಅವಲಂಬಿಸಿದೆ. ವಾಹನ ಅಪಘಾತದ ಪರಿಹಾರಕ್ಕೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಇದನ್ನು ಸರಳವಾದ ಉದಾಹರಣೆಯಿಂದ ವಿವರಿಸಿತ್ತು. ಎಡಗೈ ಕಳಕೊಂಡ ಸರಕಾರಿ ಗುಮಾಸ್ತನ ಉದ್ಯೋಗ ಉಳಿಯಬಹುದು. ಅದೇ ಕೈ ಕಳಕೊಂಡ ಚಾಲಕನೋ ಬಡಗಿಯೋ ತನ್ನ ದುಡಿಮೆಯ ಸಾಮರ್ಥ್ಯವನ್ನು ಬಹುತೇಕ ಪೂರ್ತಿಯಾಗಿ ಕಳಕೊಳ್ಳಬಹುದು. ಆದ್ದರಿಂದ ಅಂಗವೈಕಲ್ಯದ ಶೇಕಡಾವಾರು ಅಂಕಿಯನ್ನಷ್ಟೇ ನೋಡದೆ, ಅದು ಆತನ ದುಡಿಮೆಯನ್ನು ಎಷ್ಟು ಕಸಿದುಕೊಂಡಿತೆಂದು ನೋಡಬೇಕು. ಇದು ಅಪಘಾತ ಪರಿಹಾರದ ನಿಯಮ, ಆರೋಗ್ಯ ಪಾಲಿಸಿಯದ್ದಲ್ಲ. ಆದರೂ ಇದರ ಹಿಂದಿರುವ ವಿವೇಕ ಎಲ್ಲೆಡೆಗೂ ಸಲ್ಲುವಂಥದ್ದು. ಗುಂಡಿ ಹಾಕಿಕೊಳ್ಳಲು ಬಂದರೆ ಸಾಕು ಎಂದು ಯಾರಿಗಾದರೂ ಹೇಳಬಹುದು. ದರ್ಜಿಗೆ ಹೇಳಲಾಗದು.

ಈಗ ನಾವು ನಮ್ಮ ಕಡೆಗೂ ನೋಡಿಕೊಳ್ಳಬೇಕು. ಪಾಲಿಸಿಯ ಕಾಗದಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಮೊದಲು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಬಿಡುಗಡೆಯ ನಂತರದ ಅವಧಿ ಎಷ್ಟು ದಿನ, ಹೊರರೋಗಿ ಚಿಕಿತ್ಸೆ ಸೇರಿದೆಯೇ ಇಲ್ಲವೇ ಎಂಬುದನ್ನು ಕಾಯಿಲೆ ಬರುವ ಮೊದಲೇ ತಿಳಿದಿರಬೇಕು. ಆಸ್ಪತ್ರೆಯಿಂದ ಹೊರಡುವಾಗ 'ವ್ಯಾಯಾಮ ಮಾಡಿಸಿ' ಎಂಬ ಬಾಯಿಮಾತಿಗೆ ತಲೆಯಾಡಿಸಿ ಬರಬಾರದು. ಯಾವ ಕಾಯಿಲೆಗೆ, ಯಾವ ಚಿಕಿತ್ಸೆ, ವಾರಕ್ಕೆ ಎಷ್ಟು ಬಾರಿ, ಎಷ್ಟು ವಾರ ಎಂಬುದನ್ನು ಬಿಡುಗಡೆ ಪತ್ರದಲ್ಲೇ ಬರೆಸಿಕೊಳ್ಳಬೇಕು. ಮನೆಗೆ ಬರುವ ಫಿಸಿಯೋಥೆರಪಿಸ್ಟರು ಅರ್ಹತೆಯುಳ್ಳವರೇ ಎಂದು ವಿಚಾರಿಸಿ, ದಿನಾಂಕ, ಮಾಡಿಸಿದ ವ್ಯಾಯಾಮ, ಕಂಡ ಬದಲಾವಣೆ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕುವಂತೆ ವಿನಂತಿಸಬೇಕು. ಮೊದಲ ದಿನ ಕೈ ಎಷ್ಟು ಎತ್ತರಕ್ಕೆ ಏರುತ್ತಿತ್ತು, ತಿಂಗಳ ನಂತರ ಎಷ್ಟು ಏರಿತು ಎಂಬ ಒಂದು ಸಾಲು ಹತ್ತು ರಶೀದಿಗಳಿಗಿಂತ ಹೆಚ್ಚು ಮಾತನಾಡುತ್ತದೆ. ನಮ್ಮ ದರ್ಜಿಯ ಮನೆಯವರ ಬಳಿ 52 ರಶೀದಿಗಳಿದ್ದವು. ಇಂಥ ಒಂದು ಪುಸ್ತಕವಿರಲಿಲ್ಲ.

ಅರ್ಜಿ ತಿರಸ್ಕೃತವಾದರೆ ಅಲ್ಲಿಗೇ ಕೈಚೆಲ್ಲಬೇಕಾಗಿಲ್ಲ. ತಿರಸ್ಕರಿಸಿದ್ದಾಗಲಿ, ಭಾಗಶಃ ಕಡಿತ ಮಾಡಿದ್ದಾಗಲಿ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂಬುದನ್ನು ಉಲ್ಲೇಖಿಸಿ ಕಾರಣ ತಿಳಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆಯು ಕಂಪೆನಿಗಳಿಗೆ ವಿಧಿಸಿದೆ. ಕಂಪೆನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ ಎಂದೂ ಅದು ಹೇಳಿದೆ. ಆದ್ದರಿಂದ ಒಂದು ಸಾಲಿನ ಉತ್ತರ ಬಂದರೆ, ಯಾವ ಷರತ್ತಿನಂತೆ ಎಂದು ಲಿಖಿತವಾಗಿ ಕೇಳಬೇಕು. ಚಿಕಿತ್ಸೆ ನೀಡಿದ ವೈದ್ಯರಿಂದ ಪತ್ರ ಪಡೆದು ಕಂಪೆನಿಯ ದೂರು ವಿಭಾಗಕ್ಕೆ ಸಲ್ಲಿಸಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ವಿಮಾ ಒಂಬುಡ್ಸ್‌ಮನ್‌ರನ್ನು ಸಮೀಪಿಸಬಹುದು. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನಲ್ಲಿದೆ. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಗುಂಪು ವಿಮೆಯವರೂ ದೂರು ನೀಡಬಹುದು. ಗ್ರಾಹಕ ನ್ಯಾಯಾಲಯದ ಬಾಗಿಲೂ ತೆರೆದಿದೆ. ನಮ್ಮ ಜಮಾಅತ್‌ಗಳು, ಯುವಕ ಸಂಘಟನೆಗಳು ಪಡಿತರ ಚೀಟಿ, ವಿದ್ಯಾರ್ಥಿ ವೇತನಗಳ ಅರ್ಜಿ ತುಂಬಿಸಲು ನೆರವಾಗುವಂತೆ, ವಾರಕ್ಕೊಂದು ಸಂಜೆ ಇಂಥ ದೂರುಗಳನ್ನು ಬರೆದು ಕೊಡಲೂ ಏಕೆ ಕೂರಬಾರದು?

ಎಲ್ಲಕ್ಕಿಂತ ಕಹಿಯಾದ ಸತ್ಯವೊಂದನ್ನು ಹೇಳದೆ ಈ ಲೇಖನ ಪೂರ್ಣವಾಗದು. ವಿಮಾ ಕಂಪೆನಿ ತಂದೆಯ ಚಿಕಿತ್ಸೆಗೆ ಹತ್ತು ದಿನವಾದರೂ ಹಣ ಕೊಟ್ಟಿತು. ತಾಯಿಯ ಮೊಣಕಾಲಿನ ನೋವಿಗೆ, ಮೇಲೆತ್ತಲಾಗದ ಭುಜಕ್ಕೆ ನಾವು ಎಷ್ಟು ದಿನ ಕೊಟ್ಟಿದ್ದೇವೆ? 'ಮನೆಗೆಲಸವೇ ಅವಳಿಗೆ ವ್ಯಾಯಾಮ' ಎಂದು ನಗುತ್ತಾ ಹೇಳಿ ಮುಗಿಸುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಯಾವ ದಾಖಲೆಯನ್ನೂ ನೋಡದೆ, ಯಾವ ಕಾರಣವನ್ನೂ ಕೊಡದೆ ಆಕೆಯ ಕ್ಲೇಮನ್ನು ತಿರಸ್ಕರಿಸುವವರು ನಾವೇ. ಮಹಿಳಾ ಫಿಸಿಯೋಥೆರಪಿಸ್ಟ್ ಸಿಗುವುದಿಲ್ಲವೆಂಬ ನೆಪವೂ ಇದೆ. ಹಾಗಾದರೆ ನಮ್ಮ ಹೆಣ್ಣುಮಕ್ಕಳನ್ನು ಆ ಶಿಕ್ಷಣಕ್ಕೆ ಕಳುಹಿಸುವುದನ್ನು ತಡೆದವರು ಯಾರು? ಕಂಪೆನಿಯಿಂದ ನ್ಯಾಯ ಕೇಳುವವರ ಮನೆಯೊಳಗೂ ನ್ಯಾಯ ಇರಬೇಕಾಗುತ್ತದೆ.

ದರ್ಜಿಯ ಮಗ ಕೊನೆಗೂ ಸುಮ್ಮನಿರಲಿಲ್ಲ. ವೈದ್ಯರಿಂದ ವಿವರವಾದ ಪತ್ರ ಬರೆಸಿ, ಫಿಸಿಯೋಥೆರಪಿಸ್ಟರಿಂದ ವರದಿ ಪಡೆದು ಕಂಪೆನಿಯ ದೂರು ವಿಭಾಗಕ್ಕೆ ಸಲ್ಲಿಸಿದ. ಐದು ತಿಂಗಳ ಅಲೆದಾಟದ ನಂತರ ಉಳಿದ 16,800 ರೂಪಾಯಿ ಖಾತೆಗೆ ಜಮೆಯಾಯಿತು. ಅಂದರೆ, ಆ 42 ದಿನಗಳ ಚಿಕಿತ್ಸೆ ಅಗತ್ಯವಾಗಿಯೇ ಇತ್ತೆಂದು ಕಂಪೆನಿಯೇ ಒಪ್ಪಿಕೊಂಡಂತಾಯಿತು. ಆದರೆ ಚಿಕಿತ್ಸೆಗೆ ದೇಹ ಅತ್ಯಂತ ಚೆನ್ನಾಗಿ ಸ್ಪಂದಿಸುವ ತಿಂಗಳುಗಳು ಅಷ್ಟರಲ್ಲಿ ಕಳೆದುಹೋಗಿದ್ದವು. ಅವರು ಈಗ ಪುನಃ ವ್ಯಾಯಾಮ ಆರಂಭಿಸಿದ್ದಾರೆ. ಬೆಳಗ್ಗೆ ಅಂಗಡಿಗೆ ಬಂದು ಕೂರುತ್ತಾರೆ. ಎಡಗೈಯಲ್ಲಿ ಟೇಪು ಹಿಡಿದು ಅಳತೆ ತೆಗೆದು ಹೇಳುತ್ತಾರೆ. ಬಟ್ಟೆ ಕತ್ತರಿಸುವುದು ಅವರ ಬಳಿ ಕೆಲಸ ಕಲಿತ ಹುಡುಗ.

ವಿಮಾ ಕಂಪೆನಿಗಳು ಪರಿಶೀಲಿಸಲಿ. ಆದರೆ ಪರಿಶೀಲಿಸುವವರು ಆ ವಿದ್ಯೆ ಬಲ್ಲವರಾಗಿರಲಿ, ರೋಗಿಯ ಅಗತ್ಯವನ್ನು ನೋಡುವವರಾಗಿರಲಿ. ನಿರಾಕರಿಸುವುದಿದ್ದರೆ ಚಿಕಿತ್ಸೆ ನೀಡಿದವರ ಮಾತನ್ನು ಕೇಳಿದ ನಂತರವೇ ನಿರಾಕರಿಸಲಿ. ಸರಕಾರ ಮತ್ತು ವಿಮಾ ಪ್ರಾಧಿಕಾರಗಳು ಬಿಡುಗಡೆಯ ನಂತರದ ಅವಧಿಯನ್ನು ಕಾಯಿಲೆಯ ಸ್ವರೂಪಕ್ಕೆ ತಕ್ಕಂತೆ ನಿಗದಿಪಡಿಸಲಿ. ನಾವಂತೂ ಇಷ್ಟನ್ನು ಇಂದೇ ನಮ್ಮ ಮನೆಯ ರೋಗಿಗೆ ಹೇಳಬಹುದು: ಕಂಪೆನಿಯ ಪತ್ರದಲ್ಲಿರುವುದು ಹಣದ ಲೆಕ್ಕವೇ ಹೊರತು ನಿಮ್ಮ ದೇಹದ ಬಗೆಗಿನ ತೀರ್ಪಲ್ಲ. ವ್ಯಾಯಾಮ ನಿಲ್ಲಿಸಬೇಡಿ.